ಹೊರದೇಶದ ಖಾತೆ: ಇಡುವುದು ತಪ್ಪಲ್ಲ, ತಿಳಿಸದಿರುವುದು ತಪ್ಪು

ಆದಾಯ ತೆರಿಗೆ ಇಲಾಖೆಯು 2024ರ ನವೆಂಬರಿನಲ್ಲಿ ದೇಶದ ಸಾವಿರಾರು ತೆರಿಗೆದಾರರಿಗೆ ಎಸ್‌ಎಂಎಸ್ ಮತ್ತು ಇ-ಮೇಲ್ ಕಳುಹಿಸಿತು. 'ನಿಮಗೆ ಹೊರದೇಶದಲ್ಲಿ ಖಾತೆ ಅಥವಾ ಆಸ್ತಿ ಇರುವ ಮಾಹಿತಿ ನಮಗೆ ಬಂದಿದೆ. ನಿಮ್ಮ ರಿಟರ್ನಿನಲ್ಲಿ ಅದು ಕಾಣುತ್ತಿಲ್ಲ. ದಯವಿಟ್ಟು ಪರಿಶೀಲಿಸಿ' ಎಂಬುದು ಅದರ ಸಾರ. ಇದರ ಪರಿಣಾಮವಾಗಿ 24,678 ಮಂದಿ ತಮ್ಮ ರಿಟರ್ನನ್ನು ಮತ್ತೆ ತೆರೆದು ನೋಡಿದರು, 5,483 ಮಂದಿ ತಡವಾಗಿಯಾದರೂ ರಿಟರ್ನ್ ಸಲ್ಲಿಸಿದರು. ಹೀಗೆ ಬೆಳಕಿಗೆ ಬಂದ ಹೊರದೇಶದ ಆಸ್ತಿಯ ಮೌಲ್ಯ 29,208 ಕೋಟಿ ರೂಪಾಯಿ ಎಂದು ಇಲಾಖೆಯೇ ಪ್ರಕಟಿಸಿತು. 2025ರ ನವೆಂಬರ್ 28ರಿಂದ ಇಂಥದೇ ಎರಡನೆಯ ಸುತ್ತು ನಡೆಯಿತು.

ಕಪ್ಪುಹಣ, ಸ್ವಿಸ್ ಬ್ಯಾಂಕು ಎಂಬ ಮಾತುಗಳನ್ನು ಕೇಳಿ ಕೇಳಿ, ಇದು ನಮಗೆ ಸಂಬಂಧಪಡದ ದೊಡ್ಡವರ ವಿಷಯ ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. ಆದರೆ ಕರಾವಳಿಯ ನಮ್ಮ ಯಾವ ಧರ್ಮಕೇಂದ್ರವನ್ನು ತೆಗೆದುಕೊಂಡರೂ ಕುವೈತ್, ದುಬೈ, ಮಸ್ಕತ್, ಬಹರೈನ್, ಇಸ್ರೇಲ್ ಎಂದು ಹೋಗಿ ದುಡಿದವರಿಲ್ಲದ ವಾರ್ಡು ಸಿಗುವುದು ಕಷ್ಟ. ಹಾಗೆ ಹೋದವರೆಲ್ಲರಿಗೂ ಅಲ್ಲಿ ಒಂದು ಬ್ಯಾಂಕ್ ಖಾತೆ ಇತ್ತು. ಊರಿಗೆ ಮರಳಿದ ಮೇಲೂ ಕೆಲವರ ಖಾತೆ ಹಾಗೆಯೇ ಉಳಿದಿದೆ. ಆ ಖಾತೆಯ ಬಗ್ಗೆ ಕಾನೂನು ಏನು ಕೇಳುತ್ತದೆ, ಎಲ್ಲಿ ನಾವು ಎಡವುತ್ತೇವೆ, ಕಾನೂನು ಎಷ್ಟರ ಮಟ್ಟಿಗೆ ನ್ಯಾಯವಾಗಿದೆ ಎಂಬುದನ್ನು ಇಲ್ಲಿ ನೋಡೋಣ.

ಖಾತೆ ಇಟ್ಟುಕೊಳ್ಳಬಹುದೇ?

ಮೊದಲು ಒಂದು ಭಯವನ್ನು ಬಿಡಿಸಬೇಕು. ಹೊರದೇಶದಲ್ಲಿ ನೆಲೆಸಿದ್ದಾಗ ಗಳಿಸಿದ ಹಣವನ್ನು, ಮಾಡಿದ ಠೇವಣಿಯನ್ನು, ಕೊಂಡ ಆಸ್ತಿಯನ್ನು ಭಾರತಕ್ಕೆ ಮರಳಿದ ಮೇಲೂ ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, ಅಂದರೆ ಫೆಮಾ, 6(4)ನೇ ಕಲಮಿನಲ್ಲಿ ಅವಕಾಶ ಕೊಟ್ಟಿದೆ. ಆದ್ದರಿಂದ ಅಬುಧಾಬಿಯಲ್ಲಿ ಒಂದು ಖಾತೆ ಉಳಿಸಿಕೊಂಡವರು ಅಪರಾಧಿಗಳಲ್ಲ. ತೆರಿಗೆ ಕಾನೂನು ಕೇಳುವುದು ಬೇರೆಯೇ ಒಂದು ವಿಷಯ: ಆ ಖಾತೆ ಇದೆ ಎಂದು ತಿಳಿಸಿದ್ದೀರಾ?

ತಿಳಿಸುವ ಜಾಗ ಆದಾಯ ತೆರಿಗೆ ರಿಟರ್ನಿನ 'ಶೆಡ್ಯೂಲ್ ಎಫ್‌ಎ' ಎಂಬ ಪಟ್ಟಿ. ಬ್ಯಾಂಕ್ ಖಾತೆ, ಷೇರು, ಮುಂಚಿತವಾಗಿ ಹಿಂತಿರುಗಿಸಿದರೆ ಹಣ ಬರುವಂಥ ವಿಮೆ, ಮನೆ ಅಥವಾ ಫ್ಲ್ಯಾಟು, ಸಹಿ ಹಾಕುವ ಅಧಿಕಾರವಿರುವ ಇತರರ ಖಾತೆ, ಹೀಗೆ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಕೋಷ್ಟಕಗಳಿವೆ. ಗಲ್ಫಿನಲ್ಲಿ ಏಜೆಂಟರ ಮಾತು ಕೇಳಿ ತೆಗೆದುಕೊಂಡ ಉಳಿತಾಯ ವಿಮೆಯನ್ನು ಇಲ್ಲಿ ಮರೆಯುವವರು ಬಹಳ.

ಇನ್ನೊಂದು ಗೊಂದಲ ಎನ್‌ಆರ್‌ಇ ಖಾತೆಯದು. ಮಂಗಳೂರಿನ ಅಥವಾ ಕುಂದಾಪುರದ ಬ್ಯಾಂಕಿನಲ್ಲಿರುವ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಖಾತೆಗಳು ಭಾರತದೊಳಗಿನ ಖಾತೆಗಳೇ. ಅವು ಈ ಪಟ್ಟಿಗೆ ಬರುವುದಿಲ್ಲ. ಆದರೆ ಕಾಯಂ ಆಗಿ ಊರಿಗೆ ಬಂದವರು ಅವನ್ನು ಎನ್‌ಆರ್‌ಇ ಎಂದೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಅಥವಾ ಆರ್‌ಎಫ್‌ಸಿ ಎಂಬ ವಿದೇಶಿ ಹಣದ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು.

ಯಾರು ತಿಳಿಸಬೇಕು?

ತೆರಿಗೆ ಕಾನೂನು ಜನರನ್ನು ಮೂರು ಗುಂಪು ಮಾಡುತ್ತದೆ: ಅನಿವಾಸಿ, ನಿವಾಸಿಯಾದರೂ 'ಸಾಮಾನ್ಯ ನಿವಾಸಿ' ಅಲ್ಲದವರು, ಸಾಮಾನ್ಯ ನಿವಾಸಿ. ಶೆಡ್ಯೂಲ್ ಎಫ್‌ಎ ತುಂಬಬೇಕಾದವರು ಮೂರನೆಯ ಗುಂಪಿನವರು ಮಾತ್ರ. ಈಗಲೂ ಗಲ್ಫಿನಲ್ಲಿ ದುಡಿಯುತ್ತಿರುವ ಅನಿವಾಸಿಗಳಿಗೆ ಈ ಹೊಣೆ ಇಲ್ಲ.

ಊರಿಗೆ ಮರಳಿದವರಿಗೆ ನಡುವಿನ ಗುಂಪು ಒಂದು ಉಸಿರಾಡುವ ಅವಧಿ. ಹಿಂದಿನ 10 ಆರ್ಥಿಕ ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಇರದವರು ಈ ಗುಂಪಿಗೆ ಸೇರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು 24 ವರ್ಷ ದುಬೈಯಲ್ಲಿ ದುಡಿದು 2022ರ ಮಾರ್ಚ್ ಕೊನೆಗೆ ಊರಿಗೆ ಬಂದು ನೆಲೆಸಿದರು. 2022-23 ಮತ್ತು 2023-24ರಲ್ಲಿ ಅವರು ಸಾಮಾನ್ಯ ನಿವಾಸಿಯಲ್ಲ, ಪಟ್ಟಿ ತುಂಬಬೇಕಾಗಿಲ್ಲ. ಆದರೆ 2024-25ಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಹಿಂದಿನ 10 ವರ್ಷಗಳಲ್ಲಿ ಅನಿವಾಸಿಯಾಗಿದ್ದದ್ದು 8 ವರ್ಷ ಮಾತ್ರ. ಊರಲ್ಲಿ ಕಳೆದ ಎರಡು ಪೂರ್ಣ ವರ್ಷಗಳೇ 731 ದಿನ. ಅದರ ಮೇಲೆ ಹಿಂದೆ ರಜೆಯಲ್ಲಿ ಬಂದುಹೋದ ದಿನಗಳು. ಎರಡೂ ಪರೀಕ್ಷೆಗಳಿಂದ ಅವರು ಹೊರಬಿದ್ದರು. ಆ ವರ್ಷದ ರಿಟರ್ನಿನಲ್ಲಿ ದುಬೈಯ ಖಾತೆಯನ್ನು ಬರೆಯಲೇಬೇಕು. ಅಲ್ಲಿ ಸಿಕ್ಕಿದ ಬಡ್ಡಿಗೆ ಇಲ್ಲಿ ತೆರಿಗೆಯೂ ಬರುತ್ತದೆ.

ಎಡವುವುದು ಇಲ್ಲಿಯೇ. 'ಬಂದ ವರ್ಷವೇ ಆಡಿಟರರನ್ನು ಕೇಳಿದ್ದೆ, ಬೇಡ ಅಂದರು' ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಆ ವರ್ಷಕ್ಕೆ ಆ ಉತ್ತರ ಸರಿಯೇ ಇತ್ತು. ಮೂರನೆಯ ವರ್ಷಕ್ಕೆ ಅದೇ ಉತ್ತರ ಸಲ್ಲುವುದಿಲ್ಲ ಎಂಬುದನ್ನು ಯಾರೂ ನೆನಪಿಸಿರುವುದಿಲ್ಲ.

ಮನೆಯಲ್ಲಿರುವವರ ಮಾತೇನು?

ಹೋದವರ ವಿಷಯ ಇಷ್ಟಾದರೆ, ಹೋಗದೆ ಮನೆಯಲ್ಲೇ ಇದ್ದವರ ವಿಷಯ ಇನ್ನೂ ಸೂಕ್ಷ್ಮ. ಗಂಡ ಕುವೈತಿನಲ್ಲಿ, ಹೆಂಡತಿ ಮಕ್ಕಳೊಂದಿಗೆ ಊರಿನಲ್ಲಿ. 'ಏನಾದರೂ ಹೆಚ್ಚು ಕಡಿಮೆಯಾದರೆ ಇರಲಿ' ಎಂದು ಅಲ್ಲಿನ ಖಾತೆಗೆ ಹೆಂಡತಿಯ ಹೆಸರನ್ನೂ ಸೇರಿಸಿದ್ದಾರೆ ಎಂದಿಟ್ಟುಕೊಳ್ಳಿ. ಗಂಡ ಅನಿವಾಸಿ, ಅವರಿಗೆ ಹೊಣೆ ಇಲ್ಲ. ಆದರೆ ಹೆಂಡತಿ ಇಲ್ಲಿನ ಸಾಮಾನ್ಯ ನಿವಾಸಿ. ಖಾತೆಯಲ್ಲಿ ಅವರಿಗೆ ಪಾಲೋ ಸಹಿಯ ಅಧಿಕಾರವೋ ಇದ್ದರೆ ಅದನ್ನು ತಿಳಿಸುವ ಹೊಣೆ ಅವರ ಮೇಲೆ ಬೀಳುತ್ತದೆ. 'ನನಗೆ ಆದಾಯವೇ ಇಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇಂಥವರು ಆದಾಯ ತೆರಿಗೆಯ ಮಿತಿಗಿಂತ ಕಡಿಮೆ ಇದ್ದರೂ ರಿಟರ್ನ್ ಸಲ್ಲಿಸಬೇಕು ಎಂದು ಕಾನೂನು ಹೇಳುತ್ತದೆ.

ಗಂಡ ಅಲ್ಲಿಯೇ ತೀರಿಕೊಂಡ ಮನೆಗಳನ್ನೂ ನಾವು ಬಲ್ಲೆವು. ಖಾತೆಯನ್ನು ಬ್ಯಾಂಕು ತಡೆಹಿಡಿಯುತ್ತದೆ, ಉತ್ತರಾಧಿಕಾರದ ಕಾಗದ ಕೇಳುತ್ತದೆ, ತಿಂಗಳುಗಟ್ಟಲೆ ಓಡಾಟವಾಗುತ್ತದೆ. ಕೊನೆಗೆ ಆ ಹಣ ವಿಧವೆಯ ಹೆಸರಿಗೆ ಬಂದಾಗ, ಮರಳಿ ಬಂದವರಿಗಿರುವ ಎರಡು ವರ್ಷದ ಉಸಿರಾಟದ ಅವಧಿ ಅವರಿಗಿಲ್ಲ. ಯಾಕೆಂದರೆ ಅವರು ಯಾವತ್ತೂ ಇಲ್ಲಿಯೇ ಇದ್ದವರು. ಹಣವನ್ನು ಅಲ್ಲಿಯೇ ಉಳಿಸಿಕೊಂಡರೆ ಮೊದಲ ವರ್ಷದಿಂದಲೇ ಪಟ್ಟಿಯಲ್ಲಿ ಕಾಣಿಸಬೇಕು.

ಧರ್ಮಗುರುಗಳು ಮತ್ತು ಧರ್ಮಭಗಿನಿಯರಿಗೂ ಒಂದು ಮಾತು ಹೇಳಬೇಕು. ಜರ್ಮನಿ, ಇಟಲಿ, ಅಮೆರಿಕಗಳಲ್ಲಿ ಓದಲು ಅಥವಾ ಸೇವೆಗೆ ಹೋಗಿ ಬಂದವರ ಹೆಸರಿನಲ್ಲಿ ಅಲ್ಲೊಂದು ಸಣ್ಣ ಖಾತೆ ಉಳಿದಿರಬಹುದು. ಸಭೆಯ ಹೊರದೇಶದ ಖಾತೆಗೆ ಸಹಿ ಹಾಕುವ ಜವಾಬ್ದಾರಿ ಈಗಲೂ ಇರಬಹುದು. ಹಣ ನಮ್ಮ ಸ್ವಂತದ್ದಲ್ಲ ಎಂಬುದು ನಿಜವಿರಬಹುದು. ಆದರೆ ಸಹಿಯ ಅಧಿಕಾರಕ್ಕೆಂದೇ ಪಟ್ಟಿಯಲ್ಲಿ ಪ್ರತ್ಯೇಕ ಕೋಷ್ಟಕ ಇದೆ ಎಂಬುದನ್ನು ಪ್ರೊಕ್ಯುರೇಟರರು ಗಮನಿಸಬೇಕು.

ಬೆಂಗಳೂರಿನಲ್ಲಿ ಅಮೆರಿಕನ್ ಕಂಪೆನಿಗಳಿಗೆ ದುಡಿಯುವ ನಮ್ಮ ಯುವಕ ಯುವತಿಯರು ಎಂದೂ ವಿಮಾನ ಹತ್ತದಿದ್ದರೂ ಈ ಪಟ್ಟಿಗೆ ಬರಬಹುದು. ಸಂಬಳದ ಭಾಗವಾಗಿ ಸಿಗುವ ತಾಯಿ ಕಂಪೆನಿಯ ಷೇರು ಹೊರದೇಶದ ಆಸ್ತಿಯೇ. ಸಂಬಳದಲ್ಲಿ ತೆರಿಗೆ ಮುರಿದುಕೊಂಡಿದ್ದಾರೆ ಎಂಬ ಕಾರಣಕ್ಕೆ ತಿಳಿಸುವ ಹೊಣೆ ಮುಗಿಯುವುದಿಲ್ಲ.

ಮೌಲ್ಯ ಹೇಗೆ ಬರೆಯಬೇಕು?

ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆದರೆ ಈ ಪಟ್ಟಿ ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ನಡೆಯುತ್ತದೆ. 2024-25ರ ರಿಟರ್ನಿನಲ್ಲಿ ಬರೆಯಬೇಕಾದದ್ದು 2024ರ ಡಿಸೆಂಬರ್ 31ಕ್ಕೆ ಮುಗಿದ ವರ್ಷದ ವಿವರ. ವರ್ಷದ ನಡುವೆ ಮುಚ್ಚಿದ ಖಾತೆಯೂ ಆ ವರ್ಷದ ಪಟ್ಟಿಯಲ್ಲಿ ಇರಬೇಕು.

ಬ್ಯಾಂಕಿನ ಹೆಸರು, ವಿಳಾಸ, ಖಾತೆ ಸಂಖ್ಯೆ, ಖಾತೆ ತೆರೆದ ದಿನಾಂಕ, ಬಂದ ಬಡ್ಡಿ ಇವುಗಳೊಂದಿಗೆ ಎರಡು ಮೊತ್ತಗಳನ್ನು ಕೇಳುತ್ತಾರೆ. ಒಂದು ಡಿಸೆಂಬರ್ 31ರ ಶಿಲ್ಕು. ಇನ್ನೊಂದು ಆ ವರ್ಷದಲ್ಲಿ ಖಾತೆ ಮುಟ್ಟಿದ ಅತಿ ಹೆಚ್ಚಿನ ಶಿಲ್ಕು. ನಮ್ಮ ಉದಾಹರಣೆಯವರಿಗೆ 2024ರ ಫೆಬ್ರವರಿಯಲ್ಲಿ ಒಂದು ಠೇವಣಿ ಮುಗಿದು 60,000 ದಿರ್ಹಮ್ ಖಾತೆಗೆ ಬಂತು ಎನ್ನಿ. ಮಾರ್ಚಿನಲ್ಲಿ ಅವರು ಅದನ್ನು ಮನೆ ರಿಪೇರಿಗೆಂದು ಊರಿಗೆ ತರಿಸಿದರು. ವರ್ಷದ ಕೊನೆಗೆ ಉಳಿದದ್ದು 3,000 ದಿರ್ಹಮ್. ದಿರ್ಹಮಿಗೆ 22 ರೂಪಾಯಿಯಂತೆ ಹಿಡಿದರೆ ವರ್ಷದ ಕೊನೆಯ ಮೊತ್ತ 66,000 ರೂಪಾಯಿ. ಆದರೆ ಗರಿಷ್ಠ ಶಿಲ್ಕಿನ ಜಾಗದಲ್ಲಿ ಬರೆಯಬೇಕಾದದ್ದು 13,20,000 ರೂಪಾಯಿ. ಮೊದಲನೆಯದನ್ನಷ್ಟೇ ಬರೆದು ಬಿಟ್ಟರೆ ವಿವರ ತಪ್ಪು ಕೊಟ್ಟ ಹಾಗಾಗುತ್ತದೆ. ರೂಪಾಯಿಗೆ ಪರಿವರ್ತಿಸುವಾಗ ಆಯಾ ದಿನದಂದು ಭಾರತೀಯ ಸ್ಟೇಟ್ ಬ್ಯಾಂಕಿನ ಟಿ.ಟಿ. ಕೊಳ್ಳುವ ದರವನ್ನು ಬಳಸಬೇಕು.

ಇನ್ನೊಂದು ಎಚ್ಚರ: ಹೊರದೇಶದ ಆಸ್ತಿ ಇರುವವರು ಸುಲಭದ ಐಟಿಆರ್-1 ಅಥವಾ ಐಟಿಆರ್-4 ನಮೂನೆ ಬಳಸುವಂತಿಲ್ಲ. ಆ ನಮೂನೆಗಳಲ್ಲಿ ಶೆಡ್ಯೂಲ್ ಎಫ್‌ಎ ಇಲ್ಲವೇ ಇಲ್ಲ. ಪಿಂಚಣಿ, ಬ್ಯಾಂಕ್ ಬಡ್ಡಿ ಮಾತ್ರ ಇದೆ ಎಂದು ಸೈಬರ್ ಅಂಗಡಿಯಲ್ಲಿ ನೂರಿನ್ನೂರು ಕೊಟ್ಟು ಐಟಿಆರ್-1 ಹಾಕಿಸುವ ಹಿರಿಯರು ಇದನ್ನು ನೆನಪಿಡಬೇಕು.

ಸರಕಾರಕ್ಕೆ ಹೇಗೆ ಗೊತ್ತಾಗುತ್ತದೆ?

'ಅಲ್ಲಿಯ ಖಾತೆ ಇಲ್ಲಿಯವರಿಗೆ ಹೇಗೆ ತಿಳಿದೀತು' ಎಂಬ ಧೈರ್ಯಕ್ಕೆ ಈಗ ಬುಡವಿಲ್ಲ. ದೇಶಗಳು ತಮ್ಮ ಬ್ಯಾಂಕುಗಳಿಂದ ಖಾತೆಯ ವಿವರ ಪಡೆದು ಪ್ರತಿವರ್ಷ ಪರಸ್ಪರ ಕಳುಹಿಸಿಕೊಳ್ಳುವ ಸಿಆರ್‌ಎಸ್ ಎಂಬ ವ್ಯವಸ್ಥೆಯನ್ನು 2014ರಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ ರೂಪಿಸಿತು. ಭಾರತ 2015ರ ಜೂನ್ 3ರಂದು ಇದರ ಒಪ್ಪಂದಕ್ಕೆ ಸಹಿ ಹಾಕಿತು. 2017ರಿಂದ ವಿನಿಮಯ ನಡೆದಿದೆ. ನೂರಕ್ಕೂ ಹೆಚ್ಚು ದೇಶ ಮತ್ತು ಪ್ರಾಂತ್ಯಗಳು ಇದರಲ್ಲಿವೆ, ಕೊಲ್ಲಿಯ ದೇಶಗಳೂ ಸೇರಿವೆ. ಸ್ವಿಟ್ಜರ್ಲೆಂಡ್ 2019ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಭಾರತಕ್ಕೆ ಪಟ್ಟಿ ಕಳುಹಿಸಿತು. ಅಮೆರಿಕದೊಂದಿಗೆ 2015ರ ಜುಲೈ 9ರಂದು ಫಾಟ್ಕಾ ಎಂಬ ಪ್ರತ್ಯೇಕ ಒಪ್ಪಂದವಾಗಿದೆ.

ಕೆಲಸ ನಡೆಯುವ ಬಗೆ ಸರಳ. ಖಾತೆದಾರರು ಯಾವ ದೇಶದ ತೆರಿಗೆ ನಿವಾಸಿ ಎಂದು ಬ್ಯಾಂಕು ಬರೆಸಿಕೊಳ್ಳುತ್ತದೆ. ಊರಿಗೆ ಮರಳಿದವರು ಮಂಗಳೂರಿನ ವಿಳಾಸ ಕೊಟ್ಟ ಕೂಡಲೇ ಆ ಖಾತೆ ಭಾರತಕ್ಕೆ ವರದಿಯಾಗುವ ಸಾಲಿಗೆ ಸೇರುತ್ತದೆ. ಶಿಲ್ಕು, ಬಡ್ಡಿ ಎರಡೂ ಇಲ್ಲಿಗೆ ಬರುತ್ತವೆ. ಮೇಲೆ ಹೇಳಿದ ಎಸ್‌ಎಂಎಸ್ ಹೊರಟಿದ್ದು ಇಂಥ ಮಾಹಿತಿಯನ್ನು ರಿಟರ್ನುಗಳೊಂದಿಗೆ ಹೋಲಿಸಿ ನೋಡಿದ ಮೇಲೆ.

ದಂಡದ ನ್ಯಾಯ

2015ರ ಜುಲೈ 1ರಂದು ಜಾರಿಗೆ ಬಂದ ಕಪ್ಪುಹಣ ಕಾಯಿದೆ ಕಟುವಾದದ್ದು. ಬಚ್ಚಿಟ್ಟ ಹೊರದೇಶದ ಆಸ್ತಿಗೆ ಶೇ. 30 ತೆರಿಗೆ, ಅದರ ಮೂರು ಪಟ್ಟು ದಂಡ. ಉದ್ದೇಶಪೂರ್ವಕವಾಗಿ ವಿವರ ಮುಚ್ಚಿಟ್ಟರೆ 6 ತಿಂಗಳಿಂದ 7 ವರ್ಷದ ವರೆಗೆ ಜೈಲು. ಹಣ ಪ್ರಾಮಾಣಿಕ ದುಡಿಮೆಯದೇ ಆಗಿದ್ದರೂ ಪಟ್ಟಿಯಲ್ಲಿ ತೋರಿಸದಿದ್ದುದಕ್ಕೆ, ಅಥವಾ ತಪ್ಪು ತೋರಿಸಿದ್ದಕ್ಕೆ, ಪ್ರತ್ಯೇಕವಾಗಿ 10 ಲಕ್ಷ ರೂಪಾಯಿ ದಂಡ. ಅದೂ ಒಂದೊಂದು ವರ್ಷಕ್ಕೆ.

ಕಾಯಿದೆ ಬಂದ ವರ್ಷ ಮೂರು ತಿಂಗಳ ಒಂದು ಕಿಟಕಿ ತೆರೆದಿತ್ತು. ಆಗ ಮುಂದೆ ಬಂದವರು 650ಕ್ಕೂ ಕಡಿಮೆ, ಘೋಷಿಸಿದ್ದು 4,100 ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಇದನ್ನು 2024ರ ಪ್ರಚಾರದ ನಂತರದ 29,208 ಕೋಟಿಯೊಂದಿಗೆ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಎರಡೂ ಒಂದೇ ಬಗೆಯ ಘೋಷಣೆಗಳಲ್ಲ, ನಿಜ. ಮೊದಲನೆಯದರಲ್ಲಿ ಶೇ. 60ರಷ್ಟನ್ನು ಸರಕಾರಕ್ಕೆ ಕೊಡಬೇಕಿತ್ತು. ಆದರೂ ಜೈಲಿನ ಹೆದರಿಕೆ ತರದ ಫಲವನ್ನು ಒಂದು ಸೌಮ್ಯವಾದ ನೆನಪಿನೋಲೆ ತಂದಿತು. ಬಹುಮಂದಿ ಕಳ್ಳರಲ್ಲ, ತಿಳಿಯದವರು ಎಂಬುದಕ್ಕೆ ಇದೇ ಸಾಕ್ಷಿ ಎಂದು ನಾವು ಭಾವಿಸುತ್ತೇವೆ.

ಹಾಗಿರುವಾಗ ಕೋಟಿಗಟ್ಟಲೆ ಬಚ್ಚಿಟ್ಟವನಿಗೂ, 6 ಲಕ್ಷದ ಹಳೆಯ ಖಾತೆಯನ್ನು ಬರೆಯಲು ಮರೆತ ನಿವೃತ್ತ ಚಾಲಕನಿಗೂ ಒಂದೇ 10 ಲಕ್ಷದ ದಂಡವೆಂದರೆ ಅದು ನ್ಯಾಯದ ತಕ್ಕಡಿಯಲ್ಲ. ಇರುವ ಹಣಕ್ಕಿಂತ ದಂಡವೇ ದೊಡ್ಡದಾಗುತ್ತಿತ್ತು. ಬ್ಯಾಂಕ್ ಖಾತೆಗಳ ಒಟ್ಟು ಶಿಲ್ಕು 5 ಲಕ್ಷ ದಾಟದಿದ್ದರೆ ಮಾತ್ರ ವಿನಾಯಿತಿ ಇತ್ತು. ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠಗಳು ಕೆಲವರ ದಂಡವನ್ನು ಎತ್ತಿಹಿಡಿದವು, ಕೆಲವರದನ್ನು ರದ್ದುಮಾಡಿದವು. ಕೊನೆಗೆ 2024ರ ಅಕ್ಟೋಬರ್ 1ರಿಂದ ಸರಕಾರ ಮಿತಿಯನ್ನು 20 ಲಕ್ಷಕ್ಕೆ ಏರಿಸಿತು. ಸ್ಥಿರಾಸ್ತಿಯನ್ನು ಬಿಟ್ಟು ಉಳಿದೆಲ್ಲ ಆಸ್ತಿಗೂ ಅದನ್ನು ಅನ್ವಯಿಸಿತು. 2026ರ ಫೆಬ್ರವರಿಯ ಬಜೆಟಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿದ್ಯಾರ್ಥಿಗಳು, ಯುವ ಉದ್ಯೋಗಿಗಳು, ಮರಳಿ ಬಂದ ಅನಿವಾಸಿಗಳಂಥ ಸಣ್ಣ ತೆರಿಗೆದಾರರಿಗೆ 6 ತಿಂಗಳ ಒಂದು ಬಾರಿಯ ಘೋಷಣಾ ಯೋಜನೆಯನ್ನೂ ಪ್ರಕಟಿಸಿತು. ಇವು ಸ್ವಾಗತಾರ್ಹ.

ಆದರೆ ಇಲ್ಲೊಂದು ಹೊಸ ತಪ್ಪು ತಿಳಿವಳಿಕೆ ಹರಡುತ್ತಿದೆ. 20 ಲಕ್ಷದೊಳಗೆ ಇದ್ದರೆ ತಿಳಿಸುವುದೇ ಬೇಡ ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ವಿನಾಯಿತಿ ಇರುವುದು 10 ಲಕ್ಷದ ದಂಡಕ್ಕೆ. ತಿಳಿಸುವ ಹೊಣೆ ಒಂದು ದಿರ್ಹಮಿಗೂ ಇದೆ.

ಅಮೆರಿಕದಲ್ಲಿರುವ ಮಕ್ಕಳು, ಊರಿನ ಎಫ್‌ಡಿ

ಇದೇ ಕನ್ನಡಿಯ ಇನ್ನೊಂದು ಮುಖವೂ ಇದೆ. ಅಮೆರಿಕದ ಪೌರತ್ವ ಅಥವಾ ಗ್ರೀನ್‌ಕಾರ್ಡ್ ಪಡೆದ ನಮ್ಮ ಮಕ್ಕಳಿಗೆ, ಅಲ್ಲಿನ ತೆರಿಗೆ ನಿವಾಸಿಗಳಾದ ಇತರರಿಗೂ, ಭಾರತದ ಖಾತೆಯೇ 'ಹೊರದೇಶದ ಖಾತೆ'. 1970ರ ಒಂದು ಕಾಯಿದೆಯ ಪ್ರಕಾರ, ಹೊರಗಿನ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿಯನ್ನು ಅಲ್ಲಿನ ಖಜಾನೆ ಇಲಾಖೆಗೆ ಕೊಡಬೇಕು. ಅಲ್ಲಿಯೂ ವರ್ಷದ ಗರಿಷ್ಠ ಮೊತ್ತವನ್ನೇ ಕೇಳುತ್ತಾರೆ.

ವಯಸ್ಸಾದ ತಂದೆತಾಯಿ ಊರಿನ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಮಗನ ಅಥವಾ ಮಗಳ ಹೆಸರನ್ನು ಜಂಟಿಯಾಗಿ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಹಣ ತಂದೆಯದೇ ಆದರೂ, ಜಂಟಿ ಖಾತೆಯಾದ ಮೇಲೆ ಅದು ಮಗನ ಎಫ್‌ಬಾರ್ ಲೆಕ್ಕಕ್ಕೆ ಸೇರುತ್ತದೆ. ಎಷ್ಟೋ ಮಕ್ಕಳಿಗೆ ಅಪ್ಪ ತಮ್ಮ ಹೆಸರು ಸೇರಿಸಿದ್ದೇ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಬಿಟ್ನರ್ ಎಂಬವರು ಎಫ್‌ಬಾರ್ ಸಲ್ಲಿಸದೆ ಇದ್ದಾಗ, 272 ಖಾತೆಗಳನ್ನು ಒಂದೊಂದಾಗಿ ಎಣಿಸಿ 27 ಲಕ್ಷ ಡಾಲರಿಗೂ ಹೆಚ್ಚು ದಂಡ ಹಾಕಿದ್ದರು. 2023ರ ಫೆಬ್ರವರಿ 28ರಂದು ಅಲ್ಲಿನ ಸುಪ್ರೀಂ ಕೋರ್ಟು, ಬೇಕೆಂದು ಮಾಡಿರದ ತಪ್ಪಿಗೆ ದಂಡವನ್ನು ಖಾತೆಗಳ ಲೆಕ್ಕದಲ್ಲಲ್ಲ, ಸಲ್ಲಿಸದ ವರದಿಗಳ ಲೆಕ್ಕದಲ್ಲಿ ಹಾಕಬೇಕೆಂದು ತೀರ್ಪಿತ್ತಿತು. ಅವರ ದಂಡ 50,000 ಡಾಲರಿಗೆ ಇಳಿಯಿತು. ತಿಳಿಯದೆ ಮಾಡಿದ ಲೋಪಕ್ಕೂ ಬಚ್ಚಿಟ್ಟ ಪಾಪಕ್ಕೂ ಅಂತರವಿದೆ ಎಂಬುದನ್ನು ದೊಡ್ಡ ದೇಶಗಳೂ ನಿಧಾನವಾಗಿ ಕಲಿಯುತ್ತಿವೆ.

ಈಗ ಮಾಡಬೇಕಾದದ್ದು

ಹೊರದೇಶದಿಂದ ಮರಳಿದವರು ಮೊದಲು ಪಾಸ್‌ಪೋರ್ಟನ್ನು ಎದುರಿಗಿಟ್ಟು ಹಿಂದಿನ ಹತ್ತು ವರ್ಷಗಳಲ್ಲಿ ಊರಲ್ಲಿದ್ದ ದಿನಗಳ ಲೆಕ್ಕ ಬರೆಯಲಿ. ಯಾವ ವರ್ಷದಿಂದ ಸಾಮಾನ್ಯ ನಿವಾಸಿಯಾಗುತ್ತೇವೆ ಎಂಬುದು ಅದರಿಂದ ತಿಳಿಯುತ್ತದೆ. ಆ ವರ್ಷ ಬರುವ ಮುಂಚೆಯೇ ಬೇಡದ ಖಾತೆಗಳನ್ನು ಮುಚ್ಚಿ, ಹಣವನ್ನು ಬ್ಯಾಂಕಿನ ಮೂಲಕವೇ ತರಿಸಿಕೊಳ್ಳಲಿ. ಉಳಿಸಿಕೊಂಡ ಖಾತೆಯ ಇಡೀ ವರ್ಷದ ಸ್ಟೇಟ್‌ಮೆಂಟನ್ನು ಜನವರಿಯಲ್ಲೇ ತೆಗೆದಿಡಲಿ. ಅಲ್ಲಿನ ಮೊಬೈಲ್ ಸಂಖ್ಯೆ ರದ್ದಾದರೆ ಆನ್‌ಲೈನ್ ಖಾತೆ ತೆರೆಯಲು ಒಟಿಪಿಯೂ ಸಿಗುವುದಿಲ್ಲ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋಗಿದ್ದರೆ ನೋಟೀಸು ಬರಲಿ ಎಂದು ಕಾಯದೆ, ಪರಿಷ್ಕೃತ ರಿಟರ್ನಿಗೆ ಸಮಯವಿದೆಯೇ, ಬೇರೆ ದಾರಿ ಏನಿದೆ ಎಂದು ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಲಿ. ಕೇಳುವಾಗ ಅವರಿಂದ ಏನನ್ನೂ ಮುಚ್ಚಿಡಬಾರದು.

ಆದಾಯ ತೆರಿಗೆ ಇಲಾಖೆಗೂ ನಮ್ಮದೊಂದು ವಿನಂತಿ. ಕರಾವಳಿಯಂಥ ಜಿಲ್ಲೆಗಳಲ್ಲಿ ಈ ಮಾಹಿತಿ ಇಂಗ್ಲಿಷ್ ಇ-ಮೇಲಿನಲ್ಲಿ ಬಂದರೆ ಸಾಲದು. ಕನ್ನಡದ ಕರಪತ್ರ ಬೇಕು, ತಾಲೂಕು ಮಟ್ಟದಲ್ಲಿ ಸಭೆ ಬೇಕು. ನಮ್ಮ ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳೂ ವರ್ಷಕ್ಕೊಮ್ಮೆ, ರಿಟರ್ನಿನ ಗಡುವಿಗೆ ಮುಂಚೆ, ಸಮುದಾಯದ ಲೆಕ್ಕಪರಿಶೋಧಕರನ್ನು ಕರೆದು ಒಂದು ಭಾನುವಾರ ಮಾಹಿತಿ ಕೊಡಿಸಬಹುದು. ಅಂಥ ಸಭೆಗೆ ಗಂಡಸರಷ್ಟೇ ಬಂದರೆ ಸಾಲದು. ಜಂಟಿ ಖಾತೆಯಲ್ಲಿ ಹೆಸರಿದ್ದು ಅದರ ವಿಷಯ ಏನೂ ತಿಳಿಯದ ಹೆಂಗಸರು ಮುಖ್ಯವಾಗಿ ಬರಬೇಕು.

ಮಂಗಳೂರಿನ ಪೇಟೆಯಲ್ಲಿ ಬೆಂಕಿಪೊಟ್ಟಣ ಕೊಳ್ಳುವ ಕೂಲಿಯಾಳೂ ತೆರಿಗೆ ಕೊಟ್ಟೇ ಕೊಳ್ಳುತ್ತಾನೆ. ಬಚ್ಚಿಡಲು ಅವನಿಗೆ ದಾರಿಯಿಲ್ಲ. ಉಳಿದವರೂ ತಮ್ಮಲ್ಲಿರುವುದನ್ನು ತೆರೆದು ತೋರಿಸಬೇಕೆಂದು ಕಾನೂನು ಕೇಳಿದರೆ ಅದು ಅನ್ಯಾಯವಲ್ಲ. ಗಲ್ಫಿನ ಬಿಸಿಲಲ್ಲಿ ದುಡಿದು ಗಳಿಸಿದ ಹಣದಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಅದನ್ನು ತಿಳಿಸಲು ಬೇಕಾದದ್ದು ರಿಟರ್ನಿನ ಒಂದು ಪುಟ, ಬ್ಯಾಂಕಿನ ಒಂದು ಸ್ಟೇಟ್‌ಮೆಂಟು, ಒಂದು ಸಂಜೆಯ ಹೊತ್ತು. ಅಷ್ಟು ಮಾಡಿದವರು ಇಲಾಖೆಯ ಎಸ್‌ಎಂಎಸ್ ಬಂದರೂ ಹೆದರಬೇಕಾಗಿಲ್ಲ.